ಹುಷಾರಿಲ್ಲದ ಅಜ್ಜಿಯನ್ನು ನೋಡಲು ಉಡುಪಿಗೆ ಕಾರಲ್ಲಿ ಬರುವವರಿಗೆ

ಬೆಂಗಳೂರಿನಿಂದ ಬರುವವರು ಬೆಳಗ್ಗೆ 5ಕ್ಕೇ ಹೊರಡಿ ಮಾರಾಯ್ರೆ. ಮಳೆಗಾಲವಾದರೆ ಶಿರಾಡಿ ಘಾಟಿ ತೆರೆದುಂಟಾ ಅಂತ ಹಾಸನದಲ್ಲೇ ವಿಚಾರಿಸಿ. ಗುಡ್ಡ ಜರಿದು ಬಂದ್ ಆಗಿದ್ದರೆ ಅಲ್ಲಿಂದಲೇ ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿಗೆ ತಿರುಗಬಹುದು. ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಗ್ಯಾರಂಟಿ, ಘಾಟಿಗೆ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ.

ಊಟ ಮಾತ್ರ ಉಪ್ಪಿನಂಗಡಿಯಲ್ಲೋ ಬಿ.ಸಿ. ರೋಡಿನಲ್ಲೋ ಮುಗಿಸಿಯೇ ಬನ್ನಿ. ಕಳೆದ ಸಲ ನಾವು ಆರು ಜನ ಹಸಿದುಕೊಂಡು ಹೋಗಿ ಇಳಿದೆವು. ಚಿಕ್ಕಮ್ಮ ಅಜ್ಜಿಗೆ ಗಂಜಿ ಕುಡಿಸುತ್ತಿದ್ದವರು ಅರ್ಧಕ್ಕೆ ಬಿಟ್ಟು ನಮಗೆ ಅನ್ನಕ್ಕಿಡಲು ಎದ್ದರು. ಚಮಚ ಬಟ್ಟಲಲ್ಲೇ ಉಳಿಯಿತು. ಈಗಲೂ ನಾಚಿಕೆ ಆಗ್ತದೆ.

ಕೋಣೆಗೆ ಎಲ್ಲರೂ ಒಟ್ಟಿಗೆ ನುಗ್ಗಬೇಡಿ, ಇಬ್ಬಿಬ್ಬರೇ ಹೋಗಿ. ಸ್ವೀಟ್ ಬಾಕ್ಸ್ ಕಟ್ಟಿಸುವ ಮೊದಲು ಏನು ಬೇಕೆಂದು ಫೋನಲ್ಲಿ ಕೇಳಿ. ನಮ್ಮಲ್ಲಿ ಬೇಕಾಗಿದ್ದದ್ದು ಡೈಪರ್.