ಫೋಲ್ಡರ್ ಪಟ್ಟಿ ಬರೆಯುವ ಮೊದಲು ಸಿಬ್ಬಂದಿಯನ್ನು ಕೇಳಿ

ಕಚೇರಿಯ ಕಡತಗಳನ್ನು ಇಡಲು ಹೊಸ ಫೋಲ್ಡರ್ ಪಟ್ಟಿ ಬರೆಯುವ ಮೊದಲು ನಾನು ದಿನಾ ಕಡತ ಹುಡುಕುವವರ ಪಕ್ಕ ಹೋಗಿ ಕೂರುತ್ತೇನೆ. ಮೀಟಿಂಗ್ ಕರೆದರೆ ಮ್ಯಾನೇಜರ್‌ಗಳೇ ಜಾಸ್ತಿ ಮಾತಾಡುತ್ತಾರೆ. ಉಳಿದವರು ಸುಮ್ನೆ ತಲೆಯಾಡಿಸುತ್ತಾರೆ.

"ನಿಮಗೆ ಯಾವ ರಚನೆ ಬೇಕು?" ಅಂತ ಕೇಳಬೇಡಿ. "ನಿನ್ನೆ ಯಾವ ಕಾಗದ ಹುಡುಕಿದಿರಿ? ಮೊದಲು ಎಲ್ಲಿ ನೋಡಿದಿರಿ?" ಅಂತ ಕೇಳಿ. ಒಂದೇ ಖರೀದಿ ಕಡತವನ್ನು ಲೆಕ್ಕಪತ್ರದವರು ಬಿಲ್ ನಂಬರಿನಿಂದ ಹುಡುಕುತ್ತಾರೆ, ಸ್ಟೋರಿನವರು ಮಾರಾಟಗಾರರ ಹೆಸರಿನಿಂದ. ಹಾಗಂತ ಎರಡು ಪ್ರತಿ ಇಡಬೇಡಿ. ಫೈಲ್ ಒಂದೇ ಕಡೆ ಇರಲಿ, ಅದರ ಹೆಸರಿನಲ್ಲಿ ಎರಡೂ ಇರಲಿ.

ಮೇಲಿನ ಹಂತಕ್ಕೆ ವಿಭಾಗದ ಹೆಸರು ಬೇಡ, ಕೆಲಸದ ಹೆಸರಿಡಿ: ನೇಮಕಾತಿ, ಖರೀದಿ, ದೂರು. ವಿಭಾಗಗಳು ಒಡೆಯುತ್ತವೆ, ಸೇರುತ್ತವೆ. ಕೆಲಸ ಹಾಗೇ ಉಳಿಯುತ್ತದೆ. ದಾಖಲೆ ನಿರ್ವಹಣೆಯ ಐಎಸ್‌ಒ 15489 ಮಾನದಂಡವೂ ವರ್ಗೀಕರಣವನ್ನು ಕೆಲಸಗಳಿಗೇ ಜೋಡಿಸುತ್ತದೆ.

"ಇತರೆ" ಫೋಲ್ಡರ್ ಬೇಕೆಂದು ಯಾರಾದರೂ ಹಠ ಹಿಡಿಯುತ್ತಾರೆ, ಅಲ್ವಾ? ಅದರೊಳಗೆ ಏನು ಹಾಕುತ್ತೀರಿ ಅಂತ ಕೇಳಿ. ಪಟ್ಟಿಯಲ್ಲಿ ನೀವು ಸೇರಿಸದೆ ಬಿಟ್ಟ ಕೆಲಸ ಅಲ್ಲೇ ಸಿಗುತ್ತದೆ.

ಪಟ್ಟಿಯ ಕರಡು ಆದ ಮೇಲೆ ಸಿಬ್ಬಂದಿಗೆ ಅವರದೇ ಹಳೆಯ 20 ಫೈಲ್ ಕೊಟ್ಟು, ಎಲ್ಲೆಲ್ಲಿ ಇಡುತ್ತಾರೆ ನೋಡಿ. ಒಂದೇ ಫೈಲನ್ನು ಇಬ್ಬರು ಬೇರೆ ಕಡೆ ಇಟ್ಟರೆ ಫೋಲ್ಡರ್ ಹೆಸರು ಬದಲಿಸಿ. ಎಷ್ಟು ವರ್ಷ ಉಳಿಸಬೇಕು, ಯಾರು ನೋಡಬಹುದು ಎಂಬುದನ್ನು ಮಾತ್ರ ಮತಕ್ಕೆ ಹಾಕಬೇಡಿ. ಅದನ್ನು ಕಾನೂನು ನೋಡುವವರೇ ಹೇಳಲಿ.