ರೆಕ್ಕೆ ಬದಲಿಸಿ, ಹಾರಾಟ ನೋಡಿ: ವಿಮಾನದ ಗುಣ ತಿಳಿಯಲು ಮನೆಯಲ್ಲೇ ಒಂದು ಗ್ಲೈಡರ್

ರೆಕ್ಕೆ ಇರುವುದು ವಿಮಾನವನ್ನು ಎತ್ತಿ ಹಿಡಿಯಲು. ಇದು ಎಲ್ಲರಿಗೂ ಗೊತ್ತು. ಅದರ ಇನ್ನೊಂದು ಕೆಲಸ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಗಾಳಿ ತಳ್ಳಿ ವಿಮಾನ ಒಂದು ಕಡೆ ವಾಲಿತು ಅಂದುಕೊಳ್ಳಿ. ಅದು ತಾನೇ ನೆಟ್ಟಗಾಗುತ್ತದಾ, ಇನ್ನೂ ವಾಲುತ್ತಾ ಹೋಗುತ್ತದಾ? ಪೈಲಟ್ ಕೋಲು ಅಲುಗಿಸಿದರೆ ತಟ್ಟನೆ ತಿರುಗುತ್ತದಾ, ನಿಧಾನಕ್ಕಾ? ಇದರಲ್ಲಿ ರೆಕ್ಕೆಯ ಆಕಾರದ ಪಾಲು ದೊಡ್ಡದು. ಆದರೆ ಎರಡೂ ಗುಣ ಒಟ್ಟಿಗೆ ಪೂರ್ತಿಯಾಗಿ ಸಿಗುವುದಿಲ್ಲ. ತಾನೇ ನೆಟ್ಟಗಾಗುವ ಹಠ ಜಾಸ್ತಿಯಾದಷ್ಟೂ ವಿಮಾನ ಪೈಲಟ್ ಮಾತನ್ನೂ ಬೇಗ ಕೇಳುವುದಿಲ್ಲ.

ಇದನ್ನು ಓದಿ ತಿಳಿಯುವುದಕ್ಕಿಂತ ಎಸೆದು ನೋಡುವುದೇ ಒಳ್ಳೆಯದು. ಒಂದೇ ಗ್ಲೈಡರ್‌ಗೆ ಬೇರೆ ಬೇರೆ ರೆಕ್ಕೆ ಕಟ್ಟಿ ಹಾರಿಸೋಣ.

ಬೇಕಾಗುವ ಸಾಮಾನು

ಸ್ಟೇಷನರಿ ಅಂಗಡಿಯ ದಪ್ಪ ಐವರಿ ಶೀಟು ಎರಡು, 30 ಸೆಂ.ಮೀ. ಉದ್ದದ ತೆಳು ಬಿದಿರು ಕಡ್ಡಿ, ಐಸ್‌ಕ್ರೀಮ್ ಕಡ್ಡಿ ನಾಲ್ಕೈದು, ರಬ್ಬರ್ ಬ್ಯಾಂಡ್, ಸೆಲ್ಲೋಟೇಪು, ಫೆವಿಕಾಲ್, ಮಕ್ಕಳು ಆಡುವ ಬಣ್ಣದ ಜೇಡಿಮಣ್ಣು. ಅಷ್ಟೇ.

ಹಂತ 1: ಮೂಲ ಗ್ಲೈಡರ್

18 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಎರಡು ತುಂಡು ಕತ್ತರಿಸಿ. ಇವು ಎಡ ಮತ್ತು ಬಲ ರೆಕ್ಕೆ. ಮುಂದಿನ ಅಂಚಿನಿಂದ 2 ಸೆಂ.ಮೀ. ಬಿಟ್ಟು ಉದ್ದಕ್ಕೂ ಸ್ಕೇಲ್ ಇಟ್ಟು ತೀರಾ ಸಣ್ಣಗೆ ಮಡಿಸಿ, ಮೇಲ್ಭಾಗ ಸ್ವಲ್ಪ ಉಬ್ಬಿರಲಿ. ಈ ಮಡಿಕೆ ಇಲ್ಲದಿದ್ದರೆ ಕಾಗದ ಎಸೆದ ಕೂಡಲೇ ಬಾಗಿಬಿಡುತ್ತದೆ. ಎರಡನ್ನೂ ನಡುವೆ ಟೇಪಿನಿಂದ ಸೇರಿಸಿ, ಕೆಳಗೆ ಐಸ್‌ಕ್ರೀಮ್ ಕಡ್ಡಿ ಅಂಟಿಸಿ. ಕಡ್ಡಿಯ ಎರಡು ತುದಿಯೂ ರೆಕ್ಕೆಯಿಂದ ಆಚೆ ಚಾಚಿರಬೇಕು. ಅಲ್ಲಿಗೇ ರಬ್ಬರ್ ಬ್ಯಾಂಡ್ ಸುತ್ತಿ ಬಿದಿರು ಕಡ್ಡಿಗೆ ಕಟ್ಟುವುದು. ಹೀಗೆ ಕಟ್ಟಿದರೆ ರೆಕ್ಕೆಯನ್ನು ಹಿಂದೆ ಮುಂದೆ ಜಾರಿಸಬಹುದು, ಬಿಚ್ಚಿ ಬೇರೆ ಹಾಕಬಹುದು.

ರೆಕ್ಕೆಯ ಮುಂದಿನ ಅಂಚು ಮೂತಿಯಿಂದ 8 ಸೆಂ.ಮೀ. ಹಿಂದಿರಲಿ. ಬಿದಿರು ಕಡ್ಡಿಯ ಹಿಂತುದಿಗೆ 12 × 4 ಸೆಂ.ಮೀ. ಅಡ್ಡ ಬಾಲ, ಅದರ ಮೇಲೆ 5 ಸೆಂ.ಮೀ. ಎತ್ತರ, 4 ಸೆಂ.ಮೀ. ಅಗಲದ ನಿಂತ ಬಾಲ ಅಂಟಿಸಿ.

ಹಂತ 2: ತೂಕ ಎಲ್ಲಿ ನಿಲ್ಲಬೇಕು

ಈ ಹಂತ ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ರೆಕ್ಕೆಯ ಮುಂದಿನ ಅಂಚಿನಿಂದ 2 ಸೆಂ.ಮೀ. ಹಿಂದೆ, ಎರಡೂ ಕಡೆ, ಬೆರಳ ತುದಿ ಇಟ್ಟು ಗ್ಲೈಡರ್ ಎತ್ತಿ. ಮೂತಿ ಮೇಲೆದ್ದರೆ ಮೂತಿಗೆ ಜೇಡಿಮಣ್ಣು ಮೆತ್ತಿ. ಅಡ್ಡಡ್ಡ ನಿಲ್ಲುವವರೆಗೂ ಮೆತ್ತುತ್ತಾ ಹೋಗಿ.

ಗಾಳಿ ಇಲ್ಲದ ಕಡೆ, ಶಾಲೆಯ ಹಜಾರವೋ ಬೆಳಗಿನ ಹೊತ್ತಿನ ಮೈದಾನವೋ ಆದರೆ ಸರಿ, ಭುಜದ ಮಟ್ಟದಿಂದ ಮೆಲ್ಲಗೆ ನೇರಕ್ಕೆ ಬಿಡಿ. ಎಸೆಯಬೇಡಿ, ಮುಂದಕ್ಕೆ ತಳ್ಳಿ ಕೈಬಿಟ್ಟರೆ ಸಾಕು. ಮೂತಿ ಎತ್ತಿ, ಒಂದು ಕ್ಷಣ ನಿಂತು, ಬಿದ್ದು, ಮತ್ತೆ ಎತ್ತಿದರೆ ಮೂತಿ ಹಗುರವಾಗಿದೆ. ನೇರವಾಗಿ ನೆಲಕ್ಕೆ ನುಗ್ಗಿದರೆ ಅಡ್ಡ ಬಾಲದ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಬಾಗಿಸಿ.

ಚೆನ್ನಾಗಿ ಹಾರತೊಡಗಿತಾ? ಈಗ ರೆಕ್ಕೆಯನ್ನು ಒಂದೂವರೆ ಸೆಂ.ಮೀ. ಮುಂದಕ್ಕೆ ಜಾರಿಸಿ ಬಿಡಿ. ತೂಕದ ಕೇಂದ್ರ ರೆಕ್ಕೆಗಿಂತ ಹಿಂದೆ ಸರಿದಂತಾಯಿತು. ಗ್ಲೈಡರ್ ಮೂತಿಯನ್ನು ಎತ್ತಿತೆಂದರೆ ಎತ್ತುತ್ತಲೇ ಹೋಗುತ್ತದೆ. ಎಷ್ಟೇ ಒಳ್ಳೆಯ ಆಕಾರದ ರೆಕ್ಕೆಯಾದರೂ ತೂಕ ತಪ್ಪಿದರೆ ಗುಣ ತೋರಿಸುವುದಿಲ್ಲ. ಈಗ ರೆಕ್ಕೆಯನ್ನು ಮೊದಲಿನ ಜಾಗಕ್ಕೇ ತನ್ನಿ. ಮುಂದೆ ರೆಕ್ಕೆ ಬದಲಿಸಿದಾಗಲೆಲ್ಲ ಈ ಹಂತಕ್ಕೆ ಮರಳಿ ಬನ್ನಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಹಂತ 3: ರೆಕ್ಕೆ ತುದಿ ಮೇಲೆ, ರೆಕ್ಕೆ ತುದಿ ಕೆಳಗೆ

ಇಲ್ಲಿಯವರೆಗೆ ರೆಕ್ಕೆ ಚಪ್ಪಟೆಯಾಗಿತ್ತು. ಗ್ಲೈಡರ್‌ನ ಎಡ ರೆಕ್ಕೆಯನ್ನು ಬೇಕೆಂದೇ ಸ್ವಲ್ಪ ಕೆಳಗೆ ವಾಲಿಸಿ ಬಿಡಿ. ಅದು ಎಡಕ್ಕೆ ಜಾರುತ್ತಾ, ವಾಲಿದ ಕಡೆಗೇ ಸುತ್ತಿ ನೆಲ ಮುಟ್ಟುತ್ತದೆ. ಈಗ ಎರಡೂ ತುದಿಗಳನ್ನು ನಡುಭಾಗಕ್ಕಿಂತ 3 ಸೆಂ.ಮೀ. ಮೇಲಕ್ಕೆತ್ತಿ, ನಡುವೆ ಟೇಪ್ ಬಿಗಿಯಾಗಿ ಹಾಕಿ. ಮುಂದಿನಿಂದ ನೋಡಿದರೆ ಅಗಲವಾಗಿ ತೆರೆದ ಪುಸ್ತಕದ ಹಾಗೆ ಕಾಣಬೇಕು. ಮತ್ತೆ ಅದೇ ರೀತಿ ವಾಲಿಸಿ ಬಿಡಿ. ಒಂದೆರಡು ಮೀಟರ್ ಹೋಗುವಷ್ಟರಲ್ಲಿ ಕೆಳಗಿದ್ದ ರೆಕ್ಕೆ ತಾನೇ ಮೇಲೆದ್ದು ಗ್ಲೈಡರ್ ನೆಟ್ಟಗಾಗುತ್ತದೆ. ಈ ಒಂದು ನೋಟಕ್ಕಾಗಿಯೇ ಇಷ್ಟೆಲ್ಲ ಕತ್ತರಿಸಿ ಅಂಟಿಸಿದ್ದು ಸಾರ್ಥಕ!

ಹೀಗೇಕೆ? ಕೆಳಗಿನ ರೆಕ್ಕೆ ನೆಲಕ್ಕೆ ಅಡ್ಡವಾಗಿ ಮಲಗುತ್ತದೆ, ಅದಕ್ಕೇ ಜಾಸ್ತಿ ಎತ್ತುತ್ತದೆ ಎಂಬ ವಿವರಣೆ ಕೇಳಿಬರುವುದುಂಟು. ಅದು ಸರಿಯಲ್ಲ. ರೆಕ್ಕೆಗೆ ನೆಲ ಎಲ್ಲಿದೆ ಅಂತ ಗೊತ್ತಿಲ್ಲ, ಗೊತ್ತಿರುವುದು ಗಾಳಿ ಮಾತ್ರ. ವಾಲಿದ ವಿಮಾನ ಕೆಳಗಿನ ರೆಕ್ಕೆಯ ಕಡೆಗೆ ಪಕ್ಕಕ್ಕೆ ಜಾರುತ್ತದೆ. ಆಗ ಗಾಳಿ ಆ ಕಡೆಯಿಂದಲೂ ಸ್ವಲ್ಪ ಬೀಸಿದಂತಾಗುತ್ತದೆ. ತುದಿ ಮೇಲೆತ್ತಿರುವುದರಿಂದ ಆ ಗಾಳಿ ಕೆಳಗಿನ ರೆಕ್ಕೆಯ ಅಡಿಗೆ ಬಡಿಯುತ್ತದೆ, ಅಂದರೆ ಅದು ಗಾಳಿಯನ್ನು ಹೆಚ್ಚು ಕೋನದಲ್ಲಿ ಎದುರಿಸುತ್ತದೆ. ಇನ್ನೊಂದು ರೆಕ್ಕೆಗೆ ಕೋನ ಕಡಿಮೆಯಾಗುತ್ತದೆ. ಈ ವ್ಯತ್ಯಾಸವೇ ವಿಮಾನವನ್ನು ನೆಟ್ಟಗೆ ಮಾಡುವುದು. ಹೀಗೆ ತುದಿ ಎತ್ತುವುದಕ್ಕೆ ಡೈಹೆಡ್ರಲ್ ಎನ್ನುತ್ತಾರೆ. ಏರ್‌ಬಸ್ ಎ320 ರನ್‌ವೇ ಮೇಲೆ ಎದುರಿನಿಂದ ಬರುವಾಗ ನೋಡಿ, ಎರಡು ರೆಕ್ಕೆಯೂ ಬುಡದಿಂದ ತುದಿಗೆ ಏರುತ್ತಾ ಹೋಗಿರುತ್ತವೆ.

ಹಾಗಾದರೆ ಇನ್ನೂ ಜಾಸ್ತಿ ಎತ್ತಬಹುದಲ್ವಾ? ಎತ್ತಿ ನೋಡಿ. ತುದಿಗಳನ್ನು 6 ಸೆಂ.ಮೀ. ಎತ್ತಿ, ನಿಂತ ಬಾಲವನ್ನು ಅರ್ಧಕ್ಕೆ ಕತ್ತರಿಸಿ. ಗ್ಲೈಡರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾ, ಜೊತೆಗೇ ಬಾಲ ಆಡಿಸುತ್ತಾ ಹೋಗುವ ಸಂಭವ ಹೆಚ್ಚು. ಇದಕ್ಕೆ ಡಚ್ ರೋಲ್ ಎಂಬ ಹೆಸರಿದೆ. ದೊಡ್ಡ ಜೆಟ್‌ಗಳಲ್ಲಿ ಈ ಓಲಾಟವನ್ನು ಅಡಗಿಸಲೆಂದೇ ‘ಯಾ ಡ್ಯಾಂಪರ್’ ಎಂಬ ಸಾಧನ ಇರುತ್ತದೆ. ಅದು ಪ್ರಯಾಣಿಕರಿಗೆ ಗೊತ್ತಾಗದಂತೆ ನಿಂತ ಬಾಲದ ಹಿಂದಿನ ಅಲುಗಾಡುವ ಭಾಗವಾದ ರಡರ್ ಅನ್ನು ಆಡಿಸುತ್ತಲೇ ಇರುತ್ತದೆ. ಬಾಲಕ್ಕೆ ಕತ್ತರಿಸಿದ ತುಂಡನ್ನು ಮರಳಿ ಅಂಟಿಸಿಕೊಳ್ಳಿ.

ಇನ್ನು ತುದಿಗಳನ್ನು ಕೆಳಕ್ಕೆ ಬಾಗಿಸಿದರೆ? ನಿಮ್ಮ ಗ್ಲೈಡರ್ ಬೇಗ ಮಗುಚುತ್ತದೆ. ಆದರೂ 1903ರ ಡಿಸೆಂಬರ್ 17ರಂದು ಹಾರಿದ ರೈಟ್ ಸಹೋದರರ ಫ್ಲೈಯರ್‌ನ ರೆಕ್ಕೆಗಳು ಹೀಗೇ ಕೆಳಕ್ಕೆ ಇಳಿದಿದ್ದವು. ಅವರು ಬೈಸಿಕಲ್ ಮಾಡುತ್ತಿದ್ದವರು. ತಾನಾಗಿ ನಿಲ್ಲುವ ವಿಮಾನಕ್ಕಿಂತ ಸವಾರ ಸಂಭಾಳಿಸುವ ವಿಮಾನವೇ ಸರಿ ಎಂದು ನಂಬಿದ್ದರು. ಆ ಫ್ಲೈಯರ್‌ನ ಪೂರ್ಣ ಗಾತ್ರದ ನಕಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿದೆ.

ವಾಯುಪಡೆಯ ಸರಕು ವಿಮಾನಗಳಾದ ಐಎಲ್-76 ಮತ್ತು ಸಿ-17ರ ರೆಕ್ಕೆಗಳೂ ಕೆಳಕ್ಕೆ ಇಳಿದಿವೆ, ಆದರೆ ಕಾರಣ ಬೇರೆ. ಇವುಗಳ ರೆಕ್ಕೆ ಒಡಲಿನ ಮೇಲ್ತುದಿಯಲ್ಲಿದೆ, ಜೊತೆಗೆ ಹಿಂದಕ್ಕೆ ಓರೆಯಾಗಿದೆ. ಈ ಎರಡು ಅಂಶಗಳೂ ವಿಮಾನಕ್ಕೆ ತಾನೇ ನೆಟ್ಟಗಾಗುವ ಗುಣ ಕೊಡುತ್ತವೆ. ಅದು ಅತಿಯಾಗಬಾರದೆಂದೇ ತುದಿಗಳನ್ನು ಇಳಿಸಿದ್ದಾರೆ.

ಹಂತ 4: ಉದ್ದ ರೆಕ್ಕೆ, ಗಿಡ್ಡ ರೆಕ್ಕೆ

12 × 9 ಸೆಂ.ಮೀ.ನ ಎರಡು ತುಂಡಿನಿಂದ ಇನ್ನೊಂದು ರೆಕ್ಕೆ ಮಾಡಿ. ಲೆಕ್ಕ ಹಾಕಿದರೆ ವಿಸ್ತೀರ್ಣ ಹಳೆಯದರಷ್ಟೇ. ತುದಿಗಳನ್ನು ಈ ಸಲ 2 ಸೆಂ.ಮೀ. ಎತ್ತಿದರೆ ಕೋನ ಮೊದಲಿನಷ್ಟೇ ಆಗುತ್ತದೆ. ತೂಕದ ಕೇಂದ್ರ ಮುಂದಿನ ಅಂಚಿನಿಂದ 3 ಸೆಂ.ಮೀ. ಹಿಂದಿರಲಿ.

ಗಿಡ್ಡ ರೆಕ್ಕೆ ಬೇಗ ವಾಲುತ್ತದೆ, ಬೇಗ ಏಳುತ್ತದೆ, ಆದರೆ ಬೇಗ ನೆಲಕ್ಕೂ ಇಳಿಯುತ್ತದೆ. ಉದ್ದ ರೆಕ್ಕೆ ದೂರ ತೇಲುತ್ತದೆ. ರೆಕ್ಕೆಯ ತುದಿಯಲ್ಲಿ ಕೆಳಗಿನ ಗಾಳಿ ಮೇಲಕ್ಕೆ ಸುತ್ತಿಕೊಂಡು ಬರುವುದರಿಂದ ಆಗುವ ಎಳೆತ ಉದ್ದ ರೆಕ್ಕೆಯಲ್ಲಿ ಕಡಿಮೆ. ಚಿಕ್ಕ ಊರುಗಳಿಗೆ ಓಡಾಡುವ ಎಟಿಆರ್ 72ರ ರೆಕ್ಕೆ ಉದ್ದಕ್ಕೆ, ಕಿರಿದಾಗಿ, ಹೆಚ್ಚುಕಡಿಮೆ ನೇರವಾಗಿರುವುದು ಇಂಧನ ಉಳಿಸಲು. ಪಲ್ಟಿ ಹೊಡೆಯಬೇಕಾದ ಯುದ್ಧ ವಿಮಾನಕ್ಕೆ ಅಂಥ ರೆಕ್ಕೆ ಕೊಟ್ಟರೆ ಉಪಯೋಗವಿಲ್ಲ.

ಹಂತ 5: ಸ್ಟಾಲ್ ಆದಾಗ

ಮತ್ತೆ ಉದ್ದ ರೆಕ್ಕೆ ಕಟ್ಟಿ, ಮೂತಿ ಚೆನ್ನಾಗಿ ಮೇಲೆತ್ತಿ ಬಿಡಿ. ಗ್ಲೈಡರ್ ವೇಗ ಕಳೆದುಕೊಂಡಾಗ ಗಾಳಿ ರೆಕ್ಕೆಯ ಮೇಲ್ಮೈ ಬಿಟ್ಟು ಕಿತ್ತುಹೋಗುತ್ತದೆ. ಇದೇ ಸ್ಟಾಲ್. ಒಂದು ರೆಕ್ಕೆ ತಟಕ್ಕನೆ ಕುಸಿಯುತ್ತದಾ, ಮೂತಿ ನೇರ ಇಳಿಯುತ್ತದಾ ಗಮನಿಸಿ. ಈಗ ಎರಡೂ ತುದಿಗಳ ಹಿಂದಿನ ಅಂಚನ್ನು 2 ಮಿ.ಮೀ. ಮೇಲಕ್ಕೆ ತಿರುಚಿ ಮತ್ತೆ ಬಿಡಿ. ಮೂತಿ ನೇರವಾಗಿ ಇಳಿಯುವ ಸಾಧ್ಯತೆ ಹೆಚ್ಚುತ್ತದೆ, ಏಕೆಂದರೆ ಬುಡ ಮೊದಲು ಸ್ಟಾಲ್ ಆದರೂ ತುದಿ ಇನ್ನೂ ಕೆಲಸ ಮಾಡುತ್ತಿರುತ್ತದೆ. ನಿಜ ವಿಮಾನದಲ್ಲಿ ವಾಲುವುದನ್ನು ನಿಯಂತ್ರಿಸುವ ಏಲೆರಾನ್‌ಗಳು ಸಾಮಾನ್ಯವಾಗಿ ತುದಿಯ ಹತ್ತಿರವೇ ಇರುತ್ತವೆ. ಮೊದಲು ತುದಿಯೇ ಸೋತರೆ ಪೈಲಟ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್‌ನ ಆ ಚೆಂದದ ರೆಕ್ಕೆಗೂ ಇಂಥದೇ ತಿರುಚು ಇತ್ತು.

ಹಂತ 6: ಓರೆ ರೆಕ್ಕೆ, ಆಮೇಲೆ ತ್ರಿಕೋನ

ಹಿಂದಕ್ಕೆ ಓರೆಯಾದ ರೆಕ್ಕೆ ಬೇಕಾದರೆ 18 × 6ರ ಅಳತೆಯಲ್ಲೇ, ತುದಿ ಬುಡಕ್ಕಿಂತ 6 ಸೆಂ.ಮೀ. ಹಿಂದೆ ಬರುವಂತೆ ಎರಡು ಓರೆ ತುಂಡು ಕತ್ತರಿಸಿ. ತೂಕದ ಕೇಂದ್ರ ಬುಡದ ಮುಂದಿನ ಅಂಚಿನಿಂದ 5 ಸೆಂ.ಮೀ. ಹಿಂದೆ. ತುದಿ ಎತ್ತದಿದ್ದರೂ ಇದು ವಾಲಿದಾಗ ಚಪ್ಪಟೆ ನೇರ ರೆಕ್ಕೆಗಿಂತ ಸ್ವಲ್ಪ ಚೆನ್ನಾಗಿ ಏಳುತ್ತದೆ. ಜೆಟ್‌ಗಳಲ್ಲಿ ಓರೆ ಮಾಡುವುದು ಮುಖ್ಯವಾಗಿ ಶಬ್ದದ ವೇಗದ ಹತ್ತಿರ ಎಳೆತ ತಗ್ಗಿಸಲು. ಆದರೆ ಓರೆ ರೆಕ್ಕೆ ತುದಿಯಿಂದಲೇ ಸ್ಟಾಲ್ ಆಗುವ ಸ್ವಭಾವದ್ದು. ಜರ್ಮನ್ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿ, 1961ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಮರುತ್ ಓರೆ ರೆಕ್ಕೆಯ ಯುದ್ಧ ವಿಮಾನ. ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಅದರ ಪಕ್ಕದಲ್ಲೇ ನಿಂತು ನೋಡಬಹುದು.

ಕೊನೆಯದು ಡೆಲ್ಟಾ. ತಳ 24, ಎತ್ತರ 24 ಸೆಂ.ಮೀ.ನ ತ್ರಿಕೋನ ಕತ್ತರಿಸಿ, ನಡುವೆ ಬಿದಿರು ಕಡ್ಡಿ, ಹಿಂದೆ ನಿಂತ ಬಾಲ ಮಾತ್ರ ಅಂಟಿಸಿ. ಅಡ್ಡ ಬಾಲ ಬೇಡ, ಬದಲಿಗೆ ಹಿಂದಿನ ಅಂಚನ್ನೇ ಸ್ವಲ್ಪ ಮೇಲಕ್ಕೆ ಬಾಗಿಸಿ. ತ್ರಿಕೋನದ ತುದಿಯಿಂದ 11 ಸೆಂ.ಮೀ. ಹಿಂದೆ ತೂಕ ನಿಲ್ಲುವಂತೆ ಜೇಡಿಮಣ್ಣು ಮೆತ್ತಿ. 2001ರ ಜನವರಿ 4ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಮೊದಲು ಹಾರಿದ ತೇಜಸ್ ಯುದ್ಧ ವಿಮಾನ ಕೂಡ ಹೀಗೆ ಅಡ್ಡ ಬಾಲ ಇಲ್ಲದ ಡೆಲ್ಟಾ. ಚುರುಕಾಗಿ ತಿರುಗಲೆಂದು ಅದನ್ನು ಬೇಕೆಂದೇ ಅಸ್ಥಿರವಾಗಿ ಮಾಡಿದ್ದಾರೆ. ಕಂಪ್ಯೂಟರ್‌ಗಳು ಕ್ಷಣಕ್ಷಣವೂ ರೆಕ್ಕೆಯ ಹಿಂದಂಚನ್ನು ಆಡಿಸಿ ಅದನ್ನು ಹಿಡಿದಿಡುತ್ತವೆ. ಇದರ ನಿಯಂತ್ರಣ ಸೂತ್ರಗಳ ಹಿಂದೆ ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಸಂಸ್ಥೆಯವರ ದೊಡ್ಡ ದುಡಿಮೆ ಇದೆ.

ನಿಮ್ಮ ಕಾಗದದ ಡೆಲ್ಟಾದಲ್ಲಿ ಕಂಪ್ಯೂಟರ್ ಇಲ್ಲ, ಹಾಗಾಗಿ ಮೂತಿ ಭಾರವಾಗಿಯೇ ಶುರು ಮಾಡಿ. ಆಮೇಲೆ ಕಾಳಿನಷ್ಟು ಕಾಳಿನಷ್ಟೇ ಮಣ್ಣು ಕಿತ್ತು ಬಿಡುತ್ತಾ ಹೋಗಿ. ಒಂದು ಹಂತದವರೆಗೆ ಹಾರಾಟ ಚುರುಕಾಗುತ್ತದೆ. ಅದರಾಚೆಗಿನ ಒಂದು ಕಾಳು ಕಿತ್ತರೆ ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತದೆ. ಆ ಕಾಳನ್ನು ವಾಪಸ್ ಮೆತ್ತಿ, ತೂಕ ನಿಂತ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಡಿ.