ಒಂದೇ ಮನೆಯಲ್ಲಿ ಸಂಸಾರ ಮತ್ತು ಸೇವೆ: ಕೊಳಗೇರಿಗೆ ಹೋಗುವ ಪಾಸ್ಟರ್ ಕುಟುಂಬಕ್ಕೆ

ಬೆಂಗಳೂರಿನ ಈಜಿಪುರ, ಡಿ.ಜೆ. ಹಳ್ಳಿ, ಲಿಂಗರಾಜಪುರದಂಥ ಕಡೆ ಸೇವೆಗೆಂದು ಮನೆ ಮಾಡುವ ಕುಟುಂಬ ಮೊದಲು ಕಲಿಯಬೇಕಾದ್ದು ಬಾಗಿಲು ಹಾಕುವುದನ್ನು. ವಾಕ್ಯ ಸಾರುವುದು, ಮನೆ ಭೇಟಿ, ಪ್ರಾರ್ಥನಾ ಕೂಟ ಎಲ್ಲವನ್ನೂ ಬೈಬಲ್ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ಅಡುಗೆ, ಮಕ್ಕಳ ಹೋಮ್‌ವರ್ಕ್, ಟ್ಯೂಷನ್, ಪ್ರಾರ್ಥನೆ ಎಲ್ಲ ಒಂದೇ ಸೂರಿನಡಿ ನಡೆಯುವಾಗ ಏನು ಮಾಡಬೇಕೆಂಬ ಪಾಠ ಅಲ್ಲಿಲ್ಲ.

ಮನೆ ಹಿಡಿಯುವಾಗ

ಎರಡು ಕೋಣೆ ಇರಲೇಬೇಕು, ಬಾಡಿಗೆ ಸ್ವಲ್ಪ ಹೆಚ್ಚಾದರೂ ಸರಿ. ಹೊರಗಿನದು 10×12 ಅಡಿ ಇದ್ದರೆ 15 ಮಕ್ಕಳು ನೆಲದ ಮೇಲೆ ಪುಸ್ತಕ ಬಿಡಿಸಿಕೊಂಡು ಕೂರಬಹುದು. 20 ಮಂದಿ ಕೂತರೆ ಮೊಣಕೈ ತಾಗಿ ಜಗಳ ಶುರು. ಒಳಕೋಣೆಗೆ ಚಿಲಕವಿರುವ ಬಾಗಿಲು ಬೇಕು, ಪರದೆ ಸಾಲದು. ಬಚ್ಚಲಿಗೆ ಹೊರಕೋಣೆ ದಾಟಿ ಹೋಗಬೇಕಾದ ಮನೆ ಬೇಡ. ಹರೆಯದ ಮಗಳಿದ್ದರೆ ಸಂಜೆಯೆಲ್ಲ ಅವಳು ಒಳಗೇ ಉಳಿಯಬೇಕಾಗುತ್ತದೆ, ಸೇವೆಯ ಮೇಲೇ ಅವಳಿಗೆ ಬೇಜಾರು ಬರುತ್ತದೆ.

ಕರಾರು 11 ತಿಂಗಳದ್ದಾದರೂ ಕಾಗದದಲ್ಲಿರಲಿ. ಮನೆ ಕೊಳಗೇರಿ ಅಭಿವೃದ್ಧಿ ಮಂಡಳಿ ಹಂಚಿದ್ದೇ ಎಂದು ಮೊದಲೇ ವಿಚಾರಿಸಿ. ಹಂಚಿಕೆಯ ಮನೆಯನ್ನು ಬಾಡಿಗೆಗೆ ಬಿಟ್ಟಿದ್ದರೆ, ತಗಾದೆ ಬಂದ ದಿನ ಅಡ್ವಾನ್ಸಿಗೆ ಯಾರೂ ಜವಾಬ್ದಾರರಲ್ಲ. ಲೀಸ್‌ಗೆ ಲಕ್ಷಗಟ್ಟಲೆ ಕೊಡುವ ಆಸೆ ಬೇಡವೇ ಬೇಡ. ಮಾಲೀಕರು ಅದೇ ಮನೆಯನ್ನು ಸಾಲಕ್ಕೆ ಅಡವಿಟ್ಟಿರಬಹುದು. ಸಂಜೆ ಮಕ್ಕಳು ಬರುತ್ತಾರೆ, ವಾರಕ್ಕೊಮ್ಮೆ ಪ್ರಾರ್ಥನೆ ಇರುತ್ತದೆ ಎನ್ನುವುದನ್ನು ಅಡ್ವಾನ್ಸ್ ಕೊಡುವ ಮೊದಲೇ ಹೇಳಿ, ಕರಾರಿನಲ್ಲೂ ಬರೆಸಿ. ಆಮೇಲೆ ಗೊತ್ತಾದ ಮಾಲೀಕರು ಅಕ್ಕಪಕ್ಕದವರ ಮೊದಲ ದೂರಿಗೇ ಖಾಲಿ ಮಾಡಿಸುತ್ತಾರೆ.

ನೀರು ಬರುವ ದಿನ, ಹೊತ್ತು ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ. 200 ಲೀಟರಿನ ಡ್ರಮ್ ಎರಡು, ಗಟ್ಟಿ ಮುಚ್ಚಳದೊಂದಿಗೆ ಇಟ್ಟುಕೊಳ್ಳಿ. ಡೆಂಗಿ ಸೊಳ್ಳೆ ಡ್ರಮ್ಮಿನ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ, ನೀರು ಚೆಲ್ಲಿದರೂ ಅವು ಹೋಗವು. ವಾರಕ್ಕೊಮ್ಮೆ ಬ್ರಷ್ಷಿನಿಂದ ಉಜ್ಜಬೇಕು. ಬಿಂದಿಗೆ ಸಾಲಿನಲ್ಲಿ ಪಾಸ್ಟರೂ ನಿಲ್ಲಲಿ. ‘ಅಯ್ಯನವರು ಮುಂದೆ ಬನ್ನಿ’ ಎಂದರೂ ಸರದಿ ಬಿಟ್ಟು ಹೋಗಬೇಡಿ.

ಬಾಗಿಲಿನ ಹೊತ್ತು

ಬೆಳಿಗ್ಗೆ 9ರವರೆಗೆ ಮನೆಯವರ ಸಮಯ. ಸಂಜೆ 5:30ರಿಂದ 7:30 ಟ್ಯೂಷನ್. ರಾತ್ರಿ 8:30ರ ಮೇಲೆ ತುರ್ತಿಗೆ ಮಾತ್ರ. ಭಾನುವಾರ ಕೆಲಸದ ದಿನವಾದ್ದರಿಂದ ಸೋಮವಾರ ಪೂರ್ತಿ ರಜೆ, ಸಾಧ್ಯವಾದರೆ ಏರಿಯಾದಿಂದಲೇ ಹೊರಗೆ. ಇದನ್ನು ಓಣಿಯಲ್ಲಿ ಓದುವ ಭಾಷೆಗಳಲ್ಲಿ, ಹೆಚ್ಚಾಗಿ ಕನ್ನಡ ಮತ್ತು ತಮಿಳಿನಲ್ಲಿ, ಬರೆದು ಬಾಗಿಲಿಗೆ ಅಂಟಿಸಿ. ಮೊದಲ ತಿಂಗಳು ಯಾರೂ ಲೆಕ್ಕಕ್ಕಿಡುವುದಿಲ್ಲ. ಗಂಡ ಹೊರಗೆ ಕಳಿಸಿದವರನ್ನು ಹೆಂಡತಿ ಒಳಗೆ ಕರೆದರೆ ಎಂದೂ ಇಡುವುದಿಲ್ಲ. ಇಬ್ಬರದೂ ಒಂದೇ ಮಾತಾಗಿರಬೇಕು.

ತುರ್ತು ಎಂದರೆ ಹೆರಿಗೆ, ರಕ್ತ, ಬೆಂಕಿ, ಹೊಡೆತ. ಹೊಡೆಸಿಕೊಂಡ ಹೆಂಗಸು ರಾತ್ರಿ ಬಂದರೆ ಬಾಗಿಲು ತೆಗೆಯಬೇಕಾದವರು ಪಾಸ್ಟರಮ್ಮ. ಇನ್ನೊಬ್ಬ ನೆರೆಯ ಹೆಂಗಸನ್ನು ಜೊತೆಗೆ ಕರೆದುಕೊಳ್ಳಿ, ಅಪಾಯವಿದ್ದರೆ 112, ಮಹಿಳಾ ಸಹಾಯವಾಣಿ 181. ಕುಡಿದ ಗಂಡನನ್ನು ಅದೇ ರಾತ್ರಿ ಕೂರಿಸಿ ‘ರಾಜಿ’ ಮಾಡಿಸುವುದು ಸೇವಕರು ಮಾಡುವ ಕೆಟ್ಟ ಕೆಲಸಗಳಲ್ಲಿ ಒಂದು. ಆಕೆ ವಾಪಸ್ ಹೋಗುತ್ತಾಳೆ, ಏಟು ಇನ್ನೂ ಜೋರಾಗುತ್ತದೆ.

ಟ್ಯೂಷನ್

ಮಕ್ಕಳನ್ನು ತರಗತಿ ನೋಡಿ ಕೂರಿಸಬೇಡಿ, ಓದು ನೋಡಿ ಕೂರಿಸಿ. ಮೊದಲ ದಿನ ಪ್ರತಿಯೊಬ್ಬರಿಂದ ಅಕ್ಷರ, ಪದ, ನಾಲ್ಕು ಸಾಲು, ಸಣ್ಣ ಕಥೆ ಓದಿಸಿ. ಎಲ್ಲಿ ನಿಂತರೋ ಅದೇ ಗುಂಪು. ಐದನೇ ಕ್ಲಾಸಿನ ಹುಡುಗ ಎರಡನೇ ಕ್ಲಾಸಿನವಳ ಪಕ್ಕ ಕೂತರೆ ಅವಮಾನವಾಗುತ್ತದೆ, ಅದಕ್ಕೇ ಗುಂಪಿಗೆ ಅಂಕಿ ಬೇಡ, ಬಣ್ಣದ ಹೆಸರಿಡಿ. ಹೆಚ್ಚಿನವರು ಎಡವುವುದು ಒತ್ತಕ್ಷರದಲ್ಲಿ: ‘ಅಕ್ಕ’ವನ್ನು ‘ಅಕ’ ಎಂದು ಓದಿ ಮುಂದೆ ಹೋಗುತ್ತಾರೆ, ಅರ್ಥ ಕೇಳಿದರೆ ಮುಖ ನೋಡುತ್ತಾರೆ. ಒಂದು ವಾರ ಬರೀ ಸಜಾತಿ ಒತ್ತು: ಅಕ್ಕ, ಅಪ್ಪ, ಹಲ್ಲು, ಬೆಲ್ಲ. ‘ರಾತ್ರಿ’, ‘ಸೂರ್ಯ’ ಆಮೇಲೆ. ತಮಿಳು ಮನೆಮಾತಿನ ಮಕ್ಕಳು ‘ಕ-ಗ’, ‘ಪ-ಬ’ ಅದಲುಬದಲು ಮಾಡುತ್ತಾರೆ. ತಮಿಳು ಲಿಪಿಯಲ್ಲಿ ಆ ಜೋಡಿಗೆ ಒಂದೇ ಅಕ್ಷರ. ದಡ್ಡರೆಂದು ಗದರಬೇಡಿ.

ಖಾಲಿ ಹೊಟ್ಟೆಯಲ್ಲಿ ಓದು ಹತ್ತದು. 15 ಮಕ್ಕಳಿಗೆ ಸುಮಾರು ಅರ್ಧ ಕೆಜಿ ಕಡಲೆಕಾಳು ಬೆಳಿಗ್ಗೆ ನೆನೆಹಾಕಿದರೆ ಸಂಜೆಗೆ ಉಸಲಿ. ಬಿಸ್ಕತ್ತು ಬೇಡ, ಪ್ಯಾಕೆಟ್ ಎಣಿಕೆಯ ಜಗಳ ಹುಟ್ಟುತ್ತದೆ.

ದೊಡ್ಡವರು ಇಬ್ಬರಿಲ್ಲದ ದಿನ ಟ್ಯೂಷನ್ ನಡೆಸಬೇಡಿ. ಬಾಗಿಲು ತೆರೆದೇ ಇರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ದೂರು ಕೊಡುವುದು ಕಡ್ಡಾಯ, ಸಭೆಯ (ಚರ್ಚಿನ) ಹಿರಿಯರನ್ನು ಕೂಡಿಸಿ ಮಾತಾಡುವುದು ಅದಕ್ಕೆ ಬದಲಿಯಲ್ಲ. ಮಕ್ಕಳ ಸಹಾಯವಾಣಿ 1098. ತಂದೆತಾಯಿ ಕೇಳಿದರೂ ಮಕ್ಕಳನ್ನು ಮನೆಯಲ್ಲಿಟ್ಟು ಸಾಕಬೇಡಿ. ನೋಂದಣಿಯಿಲ್ಲದೆ ಮಕ್ಕಳ ಮನೆ ನಡೆಸುವುದು 2015ರ ಬಾಲನ್ಯಾಯ ಕಾಯ್ದೆಯಡಿ ಅಪರಾಧ.

ಟ್ಯೂಷನ್ ಎಲ್ಲರಿಗೂ, ಸಂಡೇ ಸ್ಕೂಲ್ ಬರುವವರಿಗೆ. ಎರಡನ್ನೂ ಬೆರೆಸಬೇಡಿ. ಉಸಲಿ ಕೊಡುವ ಮುಂಚೆ ಹಾಡು ಹೇಳಿಸುವುದು ಒಳ್ಳೆಯ ಉದ್ದೇಶದ್ದೇ ಇರಬಹುದು, ಆದರೆ ಹಸಿದ ಮಗು ಹಾಡುವುದು ತಿಂಡಿಗಾಗಿ. ಸಂಡೇ ಸ್ಕೂಲಿಗೆ ತಂದೆತಾಯಿಯ ಒಪ್ಪಿಗೆ ಬರಹದಲ್ಲಿರಲಿ. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ ಉಡುಗೊರೆ, ಹಣಗಳನ್ನೂ ‘ಆಮಿಷ’ ಎಂದು ಹೆಸರಿಸಿತು. 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು. ಈಗಿನ ಸ್ಥಿತಿಯನ್ನು ವಕೀಲರಲ್ಲಿ ಕೇಳಿಕೊಳ್ಳಿ. ಕಾಯ್ದೆ ಇರಲಿ ಬಿಡಲಿ, ಸಹಾಯಕ್ಕೂ ಸಭೆಗೂ ಗಂಟು ಹಾಕಬಾರದು.

ದುಡ್ಡು

‘ಅಕ್ಕಾ, ಐನೂರು ಇದ್ರೆ ಕೊಡಿ, ಶನಿವಾರ ಬಟವಾಡೆ ಆದ್ಮೇಲೆ ಕೊಟ್ಬಿಡ್ತೀನಿ.’ ಮೊದಲ ವಾರದಲ್ಲೇ ಬರುವ ಮಾತಿದು. ಕೊಟ್ಟರೆ ಶನಿವಾರದಿಂದ ಆಕೆ ನಿಮ್ಮ ಬಾಗಿಲ ಮುಂದೆ ಹಾಯುವುದನ್ನೇ ಬಿಡುತ್ತಾಳೆ, ದುಡ್ಡಿನ ಜೊತೆ ಒಡನಾಟವೂ ಹೋಗುತ್ತದೆ. ‘ದುಡ್ಡು ಕೊಡೋ ಪದ್ಧತಿ ಇಲ್ಲಮ್ಮ, ಮನೇಲಿ ಏನಿಲ್ಲ ಹೇಳಿ’ ಎಂದು ಎರಡು ಕೆಜಿ ಅಕ್ಕಿ, ಕಾಲು ಕೆಜಿ ಬೇಳೆ ಕೊಡಿ. ಔಷಧಿಯಾದರೆ ಚೀಟಿ ಹಿಡಿದು ಅಂಗಡಿಗೆ ಜೊತೆಯಲ್ಲೇ ಹೋಗಿ. ತಿಂಗಳಿಗೆ ಇಷ್ಟೇ ಎಂದು ಡಬ್ಬಿಯಲ್ಲಿ ತೆಗೆದಿಡಿ. ಮುಗಿದರೆ ಮುಗಿಯಿತು, ಮಕ್ಕಳ ಫೀಸಿಗೆ ಕೈ ಹಾಕುವಂತಿಲ್ಲ.

ಗಂಡನಿಗೆ ಸಿಗದಿರಲೆಂದು ಹೆಂಗಸರು ಚೀಟಿ ದುಡ್ಡು, ಓಲೆ, ಸರ ತಂದು ‘ನಿಮ್ಮ ಹತ್ರ ಇರ್ಲಿ ಪಾಸ್ಟರಮ್ಮ’ ಎನ್ನುತ್ತಾರೆ. ನಂಬಿಕೆ ದೊಡ್ಡದು, ಆದರೂ ಇಟ್ಟುಕೊಳ್ಳಬೇಡಿ. ಕಳವಾದರೆ ಊರು ಬಿಡಬೇಕಾಗುತ್ತದೆ, ಗಂಡನಿಗೆ ತಿಳಿದರೆ ಜಗಳ ನಿಮ್ಮ ಹೊಸ್ತಿಲಿಗೆ ಬರುತ್ತದೆ. ಆಕೆಯ ಹೆಸರಿಗೇ ಪೋಸ್ಟಾಫೀಸಿನಲ್ಲಿ ಖಾತೆ ತೆರೆಸಿ. ವಿದೇಶದ ಗೆಳೆಯರು ಸೇವೆಗೆಂದು ಹಣ ಕಳಿಸುತ್ತೇವೆಂದರೆ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ; ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯ ಸಂಸ್ಥೆಯೇ ಬೇಕು.

ಉಳಿದದ್ದು ಚುಟುಕಾಗಿ. ಭೇದಿಗೆ ಒಂದು ಲೀಟರ್ ಕಾದಾರಿದ ನೀರು, ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎರಡು ವಾರ ಮೀರಿದ ಕೆಮ್ಮಿಗೆ ಪ್ರಾರ್ಥನೆಯ ಜೊತೆಗೆ ಸರ್ಕಾರಿ ಆಸ್ಪತ್ರೆಯ ಕಫ ಪರೀಕ್ಷೆ. ರಾತ್ರಿ 10ರ ಮೇಲೆ ಮೈಕ್ ಕೂಡದು. ಸಿಮೆಂಟ್ ಶೀಟಿನ ಮನೆಗಳಲ್ಲಿ ಮೈಕಿಲ್ಲದ ಇಡೀ ರಾತ್ರಿ ಪ್ರಾರ್ಥನೆಯೂ ಪಕ್ಕದ ಮನೆಯ ಕೂಸಿನ ನಿದ್ದೆ ಕೆಡಿಸುತ್ತದೆ.

ಬೇಸಿಗೆ ರಜೆಯ ವಿ.ಬಿ.ಎಸ್. (ಮಕ್ಕಳ ರಜಾ ಬೈಬಲ್ ಶಾಲೆ) ಅನ್ನು ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದ ಮೊದಲ ವಾರವೇ ಮುಗಿಸಿ. ತಡವಾದರೆ ರಾಯಚೂರು, ಯಾದಗಿರಿ ಕಡೆಯ ಕೂಲಿ ಕುಟುಂಬಗಳು ಜಾತ್ರೆಗೆಂದು ಊರಿಗೆ ಹೊರಟಿರುತ್ತವೆ. ಆಮೇಲೆ ನೀವೂ ಕನಿಷ್ಠ ಎರಡು ವಾರ ಊರಿಗೆ ಹೋಗಿ ಬನ್ನಿ. ಬೀಗದ ಕೈ ಸಭೆಯ ಒಬ್ಬರಲ್ಲಿ, ಅಕ್ಕಿ ಡಬ್ಬಿಯ ಲೆಕ್ಕ ಇನ್ನೊಬ್ಬರಲ್ಲಿ ಇರಲಿ.